ಮೂರನೇ ಕೂಗಿಗೆ ನಿಲ್ಲುವ ಹಾಡು

ಎರಡೂ ಕೈಯಲ್ಲಿ ಅವರೆಕಾಳು ಹಿತಕುತ್ತಾ ಕೂತ ಹೆಂಗಸಿಗೆ ಒಳ್ಳೆಯ ಸುದ್ದಿ ಬರಬಾರದು. ಕೆಟ್ಟ ಸುದ್ದಿಯಾದರೆ ಹೇಗೋ ತಾನೇ ನಡೆದುಕೊಂಡು ಬಾಗಿಲಿಗೆ ಬರುತ್ತದೆ, ಕೂತುಕೊಳ್ಳುತ್ತದೆ, ಕಾಫಿ ಕುಡಿದು ಹೋಗುತ್ತದೆ. ಒಳ್ಳೆಯ ಸುದ್ದಿ ಮಾತ್ರ ಫೋನಿನಲ್ಲೇ ಬರುತ್ತದೆ, ಅದೂ ನೆನೆದ ಅವರೆಯ ಲೋಳೆ ಮುಂಗೈವರೆಗೆ ಹತ್ತಿರುವಾಗ. ಚಳಿಗಾಲದಲ್ಲಿ ನಮ್ಮ ದೊಡ್ಡಬಳ್ಳಾಪುರದ ಕಡೆ ಯಾವ ಮನೆಗೆ ಹೋದರೂ ಹೆಂಗಸರು ಇದೇ ಕೆಲಸದಲ್ಲಿರುತ್ತಾರೆ. ರಾತ್ರಿ ನೆನೆಹಾಕಿದ ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿದರೆ ಬೇಳೆ ಪುಳಕ್ಕನೆ ಹಾರಿ ಬೋಗುಣಿಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಎಲ್ಲ ಬೇಳೆಯೂ ಬೋಗುಣಿಗೇ ಬೀಳುತ್ತದೆ ಎಂದು ನಾನು ಹೇಳಲಾರೆ. ನಮ್ಮ ಮನೆಯಲ್ಲಿ ಫ್ರಿಜ್ಜಿನ ಕೆಳಗಿನಿಂದ ಯುಗಾದಿಯ ಹೊತ್ತಿಗೂ ಒಂದೆರಡು ಸಿಗುತ್ತವೆ.

ಆವತ್ತು ಹಾಗೆ ಕೂತಿದ್ದಾಗ ಫೋನು ಬಡಿದುಕೊಂಡಿತು. ಬೆರಳು ಒದ್ದೆಯಾದರೆ ಈಗಿನ ಫೋನುಗಳು ನಮ್ಮನ್ನು ಮನುಷ್ಯರೆಂದೇ ಒಪ್ಪುವುದಿಲ್ಲ. ಬಗ್ಗಿ ಪರದೆಯ ಹಸಿರು ಗುಂಡಿಯನ್ನು ಮೂಗಿನಿಂದ ಎಳೆದೆ. ಮೊದಲ ಸಲ ಮೂಗುಬೊಟ್ಟು ಅಡ್ಡ ಬಂತು, ಎರಡನೇ ಸಲಕ್ಕೆ ಕರೆ ಸಿಕ್ಕಿತು. ಇದೂ ಒಂದು ಉಪಕಾರವೇ. ದಿನಕ್ಕೆ ದೇವರು ಮಾಡಿದ ಸಣ್ಣಪುಟ್ಟ ಉಪಕಾರಗಳನ್ನು ಮಲಗುವ ಮುಂಚೆ ಬೆರಳು ಮಡಿಸಿ ಎಣಿಸುವುದು ನನ್ನ ಪದ್ಧತಿ. ನಲ್ಲಿಯಲ್ಲಿ ನೀರು ಬಂತು, ಹಾಲು ಉಕ್ಕಲಿಲ್ಲ, ಒಗೆದ ಬಟ್ಟೆ ಮಳೆಗೆ ಮುಂಚೆ ಒಣಗಿತು, ಇಂಥವು. ದೊಡ್ಡ ಉಪಕಾರಗಳಿಗೆ ದೇವಸ್ಥಾನಕ್ಕೇ ಹೋಗಬೇಕು. ಚಿಕ್ಕವಕ್ಕೆ ಬೆರಳು ಸಾಕು.

ಫೋನಿನಲ್ಲಿ ನಮ್ಮ ಬಡಾವಣೆಯ ಮಹಿಳಾ ಸಂಘದ ಅಧ್ಯಕ್ಷೆ ವಿಶಾಲಾಕ್ಷಮ್ಮ. "ಜಯಮ್ಮಾ, ನಿಮ್ಮ ಹೆಸ್ರು ಸೇರಿಸ್ಬಿಟ್ಟಿದೀನಿ ಕಣ್ರೀ!" ಎಂದರು.

"ಯಾವುದಕ್ಕೆ ಮೇಡಂ?" ಎಂದೆ. ಅವರು ಹೆಸರು ಸೇರಿಸಿದರೆ ಸಾಮಾನ್ಯವಾಗಿ ಬೀದಿ ಗುಡಿಸಬೇಕಾಗುತ್ತದೆ.

"ಭಾನ್ವಾರ ಹಾಡಿನ ಸ್ಪರ್ಧೆ ಕಣ್ರೀ, ಸಮುದಾಯ ಭವನದಲ್ಲಿ. ಕುಕ್ಕರ್ ಇಟ್ಕೊಂಡು ಹಾಡ್ಕೊತೀರಲ್ಲ, ಅದನ್ನೇ ಹಾಡಿ. ಅರಿಶಿನ ಕುಂಕುಮಕ್ಕೆ ಕರೆಯೋಕೆ ಬಂದಾಗ ಬಾಗ್ಲಲ್ಲೇ ನಿಂತು ಕೇಳಿದೆ. ಚೆನ್ನಾಗೈತೆ. ಆದ್ರೆ ಅದು ಯಾವ ವಿಭಾಗ ಅಂತ ಸಂಜೆಯೊಳಗೆ ಹೇಳ್ಬಿಡಿ. ಭಕ್ತಿಗೀತೆ, ಭಾವಗೀತೆ, ಜನಪದ, ಶಾಸ್ತ್ರೀಯ ಅಂತ ಮಾಡಿದೀವಿ. ಯಾವುದಕ್ಕೂ ಸೇರ್ದೆ ಇದ್ರೆ ಈ ಹಾಡು ಬಿಟ್ಬಿಟ್ಟು ಎಲ್ರಿಗೂ ಗೊತ್ತಿರೋ ಒಂದು ದೇವರನಾಮ ಹೇಳಿ, ಮುಗೀತು."

ಸಂತೋಷ ಪಡಬೇಕಾದ ಮಾತಿಗೆ ಕೊನೆಯಲ್ಲಿ ಒಂದು ಕಲ್ಲು ಕಟ್ಟಿ ಫೋನು ಇಟ್ಟರು.

ನನ್ನ ಹಾಡಿನ ವಿಚಾರ ಇಲ್ಲಿ ಸ್ವಲ್ಪ ಹೇಳಬೇಕು. ಸಂಗೀತ ನಾನು ಕಲಿತಿಲ್ಲ. ತವರು ಸೂಲಿಬೆಲೆಯ ಹತ್ತಿರದ ಹಳ್ಳಿ. ನಮ್ಮಮ್ಮ ಮದುವೆ ಮನೆಗಳಲ್ಲಿ ಹಸೆಯ ಮುಂದೆ ಕೂತು ಸೋಬಾನೆ ಹೇಳುತ್ತಿದ್ದಳು. ಅಪ್ಪ ಶನಿವಾರ ರಾಮಮಂದಿರದ ಭಜನೆಯಲ್ಲಿ ತಾಳ ಹಾಕುತ್ತಿದ್ದ. ಹಾಲಿನ ಡೈರಿಯ ಮುಂದೆ ಒಂದು ರೇಡಿಯೋ ಇತ್ತು, ಕ್ಯಾನು ಹಿಡಿದು ಸಾಲಿನಲ್ಲಿ ನಿಂತಾಗ ಸಿನಿಮಾ ಹಾಡು ಕಿವಿಗೆ ಬೀಳುತ್ತಿತ್ತು. ಈ ಮೂರೂ ನನ್ನ ತಲೆಯಲ್ಲಿ ಒಂದೇ ಪಾತ್ರೆಯೊಳಗೆ ಬೆಂದುಹೋಗಿವೆ. ನನ್ನ ಹಾಡಿನ ಮೊದಲ ಸಾಲು ಅಮ್ಮನ ಹಾಗೆ ನಿಧಾನವಾಗಿ ನಡೆಯುತ್ತದೆ, ಎರಡನೆಯದು ಅಪ್ಪನ ಭಜನೆಯ ಹಾಗೆ ಮೇಲಕ್ಕೆ ಏರುತ್ತದೆ, ಮೂರನೆಯದು, ದೇವರು ಕ್ಷಮಿಸಲಿ, ಡೈರಿಯ ರೇಡಿಯೋದ ಹಾಗೆ ಸೊಂಟ ಬಳುಕಿಸುತ್ತದೆ. ತಾಳ ಮಾತ್ರ ಪಕ್ಕದ ಮನೆಯವರದು. ಅವರಲ್ಲಿ ಪವರ್‌ಲೂಮ್ ಮಗ್ಗಗಳಿವೆ. ಹಗಲು ರಾತ್ರಿ ಅವುಗಳ ಟಕಟಕ ಸದ್ದು ಗೋಡೆ ದಾಟಿ ಬರುತ್ತದೆ. ಮದುವೆಯಾಗಿ ಬಂದ ಹೊಸತರಲ್ಲಿ ಆ ಸದ್ದಿಗೆ ನಿದ್ದೆ ಬರುತ್ತಿರಲಿಲ್ಲ, ಈಗ ಅದಿಲ್ಲದೆ ಹಾಡು ಬರುವುದಿಲ್ಲ. ಕರೆಂಟು ಹೋದರೆ ಮಗ್ಗ ನಿಲ್ಲುತ್ತದೆ, ನನ್ನ ತಾಳವೂ ನಿಲ್ಲುತ್ತದೆ. ಆಗ ಕರೆಂಟು ಬರುವವರೆಗೂ ಒಂದೇ ಸ್ವರವನ್ನು ಎಳೆಯುತ್ತಾ ಕಾಯುತ್ತೇನೆ. ತಿಳಿದವರು ಇದನ್ನು ಆಲಾಪನೆ ಎನ್ನುತ್ತಾರಂತೆ.

ಮಾತುಗಳು ಸ್ವಂತದವು. ನಮ್ಮೂರ ದೇವತೆ ಸಪ್ಪಲಮ್ಮನನ್ನು ಕುರಿತು ಕಟ್ಟಿಕೊಂಡಿದ್ದು. ನೈವೇದ್ಯಕ್ಕೆ ಮುಂಚೆ ಅಡುಗೆಯ ರುಚಿ ನೋಡಬಾರದು ಎಂಬುದು ನಮ್ಮ ಮನೆಯ ಕಟ್ಟುನಿಟ್ಟು. ಹಬ್ಬದ ದಿನ ಸಾರಿಗೆ ಉಪ್ಪು ಬಿತ್ತೋ ಇಲ್ಲವೋ ಎಂದು ಒದ್ದಾಡುತ್ತಿದ್ದಾಗ ಒಮ್ಮೆ ತಾನಾಗಿ ಬಾಯಿಗೆ ಬಂತು:

ಸಪ್ಪಲಮ್ಮ ತಾಯಿ ಒಳಕ್ಕೆ ಬಾರವ್ವ
ಒಪ್ಪ ಮಾಡಿವ್ನಿ ಅಡುಗೆಮನೆ, ನೀನೊಮ್ಮೆ
ಉಪ್ಪು ನೋಡ್ಹೋಗೆ ಸಾರಿಗೆ.

ಆಮೇಲೆ ಒಂದೊಂದೇ ಸೇರುತ್ತಾ ಹೋಯಿತು. ದಿನಕ್ಕೊಂದು ಕಷ್ಟ ಇದ್ದೇ ಇರುತ್ತದಲ್ಲ, ಅದಕ್ಕೊಂದು ಪದ.

ಹಾಲಿಗೆ ಹೇಳವ್ವ ಉಕ್ಕೋದು ಬ್ಯಾಡಂತ
ಬಾಲೆ ಮಲಗವ್ಳೆ ಓದದೇನೆ, ಅವಳಿಗೆ
ಕಾಲಕಾಲಕ್ಕೆ ಬುದ್ಧಿ ಕೊಡು.

ಈ ಬಾಲೆ ನನ್ನ ಮಗಳು ಸಿಂಚನ. ಡಿಗ್ರಿ ಓದುತ್ತಾಳೆ, ಅಂದರೆ ಕಾಲೇಜಿಗೆ ಹೋಗುತ್ತಾಳೆ. ಹಾಡು ಶುರುವಾಗುವುದು ಕುಕ್ಕರ್ ಒಲೆಯ ಮೇಲೆ ಕೂತಾಗ. ಮೂರನೇ ಕೂಗು ಬಂತೆಂದರೆ ಯಾವ ಪದದ ನಡುವೆ ಇದ್ದರೂ ಸರಿ, ಹಾಡು ನಿಲ್ಲಿಸಿ ಒಲೆ ಆರಿಸುತ್ತೇನೆ. ಇಷ್ಟು ವರ್ಷದಲ್ಲಿ ಹಾಡು ಉದ್ದವಾಗಿ ಅನ್ನ ಸೀದದ್ದಿಲ್ಲ.

ಈಗ ಇಂಥದ್ದನ್ನು ಯಾವ ವಿಭಾಗ ಎನ್ನುವುದು? ಗೊತ್ತಿರುವ ದೇವರನಾಮ ಹೇಳಿ ಮುಗಿಸಬಹುದಿತ್ತು, ನಿಜ. ಆದರೆ ನನಗೊಂದು ಆಸೆ ಹುಟ್ಟಿಬಿಟ್ಟಿತ್ತು. ಬಾಗಿಲು ಮುಚ್ಚಿಕೊಂಡು ತಾಯಿಗೆ ಹೇಳಿಕೊಂಡಿದ್ದನ್ನು ಒಂದೇ ಒಂದು ಸಲ ಬಾಗಿಲು ತೆರೆದು, ಮೈಕಿನಲ್ಲಿ, ನನ್ನ ಮಾತಿನಲ್ಲೇ ಹೇಳಬೇಕು ಎಂದು. ಮೈಕು ನಾನು ಹಿಡಿದವಳಲ್ಲ. ಶಾಲೆಯಲ್ಲಿ ಒಮ್ಮೆ ಹಿಡಿಯುವ ಅವಕಾಶ ಬಂದಾಗ ಪ್ರಾರ್ಥನೆಗೆ ಮುಂಚೆಯೇ ಕರೆಂಟು ಹೋಯಿತು.

ನಮ್ಮ ಯಜಮಾನರು ಬಾಶೆಟ್ಟಿಹಳ್ಳಿಯ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ವಿಭಾಗದವರು. ಬೆಳಗಿನ ಶಿಫ್ಟು ಮುಗಿಸಿ ಬಂದು ಊಟಕ್ಕೆ ಕೂತವರನ್ನು ಕೇಳಿದೆ. ಅವರು ಮುದ್ದೆ ಮುರಿಯುತ್ತಾ ಗಂಭೀರವಾಗಿ ಯೋಚಿಸಿದರು.

"ನೋಡೇ, ನಮ್ಮಲ್ಲಿ ಡಬ್ಬಕ್ಕೆ ಲೇಬಲ್ ಅಂಟ್ಸೋದು ಕೊನೇಗೆ. ಒಳಗೇನೈತೆ ಅಂತ ಗೊತ್ತಾದ್ಮೇಲೆ."

"ಒಳಗೇನಿದೆ ಅಂತ ನಿಮಗೆ ಗೊತ್ತಲ್ರೀ, ದಿನಾ ಕೇಳ್ತೀರಲ್ಲ?"

"ಕೇಳ್ತೀನಿ, ಕೇಳ್ತೀನಿ. ನಂಗೆ ಗೊತ್ತಿರೋದಿಷ್ಟೇ, ಹಾಡು ನಿಂತ್ರೆ ಊಟ ರೆಡಿ." ಇಷ್ಟು ಹೇಳಿ ಇನ್ನೊಂದು ಸೌಟು ಸಾರು ಹಾಕಿಸಿಕೊಂಡರು. ಇಪ್ಪತ್ತು ವರ್ಷಗಳ ಸಂಸಾರದಲ್ಲಿ ನನ್ನ ಸಂಗೀತಕ್ಕೆ ಸಿಕ್ಕ ಮೊದಲ ವಿಮರ್ಶೆ ಇದು.

ಮಗಳು ಕಾಲೇಜಿನಿಂದ ಬಂದವಳು ಬ್ಯಾಗು ಇಳಿಸುವ ಮುಂಚೆಯೇ ಕುಣಿದುಬಿಟ್ಟಳು. "ಅಮ್ಮಾ, ಸೂಪರ್! ಇದು ಫ್ಯೂಷನ್ ಕಣಮ್ಮ. ಇಲ್ಲಾ ಇಂಡೀ. ಅಯ್ಯೋ ತಡಿ, ತಡಿ, ಇದು ಲೋ-ಫೈ!"

"ಹಂಗಂದ್ರೇನೇ?"

"ಹಿಂದುಗಡೆ ಮಳೆ ಸದ್ದು, ಪಾತ್ರೆ ಸದ್ದು, ಬೀದಿ ಸದ್ದು ಎಲ್ಲಾ ಇರುತ್ತೆ. ಮುಂದೆ ಮೆಲ್ಲಗೆ ಹಾಡು. ಅದನ್ನ ಹಾಕ್ಕೊಂಡು ಓದಿದ್ರೆ ಚೆನ್ನಾಗಿ ತಲೆಗೆ ಹತ್ತುತ್ತೆ."

"ನಿನ್ನ ಒಂದನೇ ಕ್ಲಾಸಿಂದ ಇದನ್ನೇ ಹಾಡ್ತಾ ಇದ್ದೀನಲ್ಲೇ, ನಿನ್ನ ತಲೆಗೆ ಯಾಕೆ ಹತ್ತಲಿಲ್ಲ?" ಎಂದೆ. ಅವಳು ಬ್ಯಾಗು ಎತ್ತಿಕೊಂಡು ಒಳಗೆ ಹೋದಳು.

ನಮ್ಮತ್ತೆ ಪುಟ್ಟತಾಯಮ್ಮ ಹಜಾರದಲ್ಲಿ ಗೋಡೆಗೆ ಒರಗಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಎಪ್ಪತ್ತು ದಾಟಿದ ಜೀವ, ಕಿವಿ ಮಾತ್ರ ನನಗಿಂತ ಚುರುಕು. ಹುಡುಗಿಯಾಗಿದ್ದಾಗ ರಾಗಿ ಹೊಲದಲ್ಲಿ ಗಿಳಿ ಗುಬ್ಬಿ ಅಟ್ಟುವುದು ಅವರ ಕೆಲಸವಂತೆ. ಬಾಯಿಗೆ ಎರಡು ಬೆರಳಿಟ್ಟು ಸಿಳ್ಳೆ ಹಾಕಿದರೆ ಪಕ್ಕದ ಊರಿನ ಹೊಲದ ಗಿಳಿಗಳೂ ಏಳುತ್ತಿದ್ದವು ಎಂದು ಈಗಲೂ ಹೇಳಿಕೊಳ್ಳುತ್ತಾರೆ. ಸೊಸೆಯಾಗಿ ಬಂದ ಮೇಲೆ ಬಾಯಿಂದ ಬೆರಳು ತೆಗೆದವರು ಮತ್ತೆ ಹಾಕಿರಲಿಲ್ಲ. ಅವರನ್ನೂ ಕೇಳಿದೆ.

"ಹಾಡಿಗೂ ಜಾತಿ ಕೇಳ್ತಾರೇನೇ ಈಗ?" ಎಂದರು. "ದೇವ್ರ ಹಾಡು ಅನ್ನು. ದೇವ್ರ ಹಾಡು ಅಂದ್ರೆ ಯಾರೂ ಮಧ್ಯಕ್ಕೆ ಎದ್ದು ಹೋಗಕಿಲ್ಲ."

ಅದೇ ಸುಲಭದ ದಾರಿ. ಆದರೆ ನನ್ನ ಮನಸ್ಸು ಒಪ್ಪಲಿಲ್ಲ. ಹಾಡಿನಲ್ಲಿ ಸಪ್ಪಲಮ್ಮ ಇದ್ದಾಳೆ, ಸರಿ. ಜೊತೆಗೆ ಹಾಲಿದೆ, ಉಪ್ಪಿದೆ, ಕಾರ್ಖಾನೆಯ ಬಸ್ಸಿದೆ, ಸೋರುವ ನಲ್ಲಿ ಇದೆ, ಒಂದು ಪದದಲ್ಲಿ ನಮ್ಮ ಅತ್ತೆಯ ಬೈಗುಳವೂ ಇದೆ. ಆ ಪದವನ್ನು ಅವರು ಕೊಟ್ಟಿಗೆ ಕಡೆ ಹೋದಾಗ ಮಾತ್ರ ಹೇಳುತ್ತೇನೆ. ಇದನ್ನೆಲ್ಲ ಭಕ್ತಿ ಎಂದು ತಾಯಿಯ ಹೆಸರಿನಲ್ಲಿ ಸುಳ್ಳು ಹೇಳುವುದೇ? ಜನಪದ ಎನ್ನೋಣವೆಂದರೆ ಅದು ಹಳೆಯದಾಗಿರಬೇಕು. ನನ್ನ ಹಾಡಿನ ಕೊನೆಯ ಪದಕ್ಕೆ ಹೋದ ತಿಂಗಳು ತಂದ ಗ್ಯಾಸ್ ಸ್ಟೌವಿನಷ್ಟೇ ವಯಸ್ಸು.

ದಾರಿ ಕಾಣದಾಗ ನಮ್ಮಲ್ಲಿ ಹೂವು ಕೇಳುವ ಪದ್ಧತಿ ಇದೆ. ಸಂಜೆ ದೀಪ ಹಚ್ಚಿ, ತಾಯಿಯ ಪಟಕ್ಕೆ ನೀರಲ್ಲಿ ಅದ್ದಿದ ಸೇವಂತಿಗೆಯನ್ನು ಅಂಟಿಸಿ ಕೈಮುಗಿದೆ. ಬಲಕ್ಕೆ ಬಿದ್ದರೆ ಭಕ್ತಿಗೀತೆ, ಎಡಕ್ಕೆ ಬಿದ್ದರೆ ಜನಪದ. ಅತ್ತೆಯೂ ಪಕ್ಕದಲ್ಲಿ ನಿಂತರು. ಹೂವು ಸ್ವಲ್ಪ ಹೊತ್ತು ಯೋಚಿಸಿತು. ಬಲಕ್ಕೆ ಒಂದು ಚೂರು ವಾಲಿತು, ಎಡಕ್ಕೆ ಒಂದು ಚೂರು ವಾಲಿತು. ಆಮೇಲೆ ಗಾರೆಯವರು ದಾರದ ಗುಂಡು ಬಿಟ್ಟ ಹಾಗೆ ನೇರ ಕೆಳಗಿಳಿದು ಊದಿನಕಡ್ಡಿಯ ಬುಡದಲ್ಲಿ ಕೂತಿತು.

"ಬುಡೇ ಅತ್ಲಾಗೆ," ಎಂದರು ಅತ್ತೆ. "ಅವ್ವಂಗೇ ಗೊತ್ತಾಯ್ತಿಲ್ಲ."

ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡೋಣ ಎಂದು ವಿಶಾಲಾಕ್ಷಮ್ಮನವರಿಗೆ ಫೋನು ಮಾಡಿದೆ. ಅವರು ತಾಳ್ಮೆಯ ಹೆಂಗಸು. ಒಂದೊಂದೇ ವಿಭಾಗವನ್ನು ನನ್ನ ಹಾಡಿಗೆ ಬಳೆ ತೊಡಿಸುವ ಹಾಗೆ ತೊಡಿಸಿ ನೋಡಿದರು.

"ಶಾಸ್ತ್ರೀಯ ಆಗಲ್ಲ ಬಿಡಿ. ಭಾವಗೀತೆ ಅಂದ್ರೆ ಕವಿ ಬೇಕು. ಬರ್ದಿರೋ ಕವಿ ಯಾರು?"

"ನಾನೇ ಮೇಡಂ."

"ಹಂಗಲ್ಲ ಜಯಮ್ಮ, ಕವಿ ಅಂದ್ರೆ ಗೋಡೆ ಮೇಲೆ ಫೋಟೋ ಇರ್ತದಲ್ಲ, ಅಂಥೋರು."

"ಹಂಗಾದ್ರೆ ಬೇಡ ಮೇಡಂ. ನಮ್ಮ ಮನೇಲಿ ಗೋಡೆ ಮೇಲಿರೋರೆಲ್ಲ ಹೋಗ್ಬಿಟ್ಟೋರು."

"ಜನಪದಕ್ಕೆ ಹಾಕ್ಲಾ? ಅದಕ್ಕೆ ಯಾರು ಕಟ್ಟಿದ್ದು ಅಂತ ಯಾರಿಗೂ ಗೊತ್ತಿರ್ಬಾರ್ದು."

"ನಮ್ಮ ಬೀದೀಲಿ ಯಾರಿಗೂ ಗೊತ್ತಿಲ್ಲ. ಆದ್ರೆ ನಂಗೆ ಗೊತ್ತಲ್ಲ."

ಆ ಕಡೆಯಿಂದ ಒಂದು ನಿಟ್ಟುಸಿರು ಕೇಳಿತು. "ಸರಿ. ಕೊನೇಲಿ 'ಇತರೆ' ಅಂತ ಒಂದು ಇಟ್ಟಿದೀವಿ. ಮಿಮಿಕ್ರಿ, ಏಕಪಾತ್ರಾಭಿನಯ ಎಲ್ಲಾ ಅದ್ರಾಗೇ ಬರ್ತದೆ. ಅದಕ್ಕೆ ಹಾಕ್ಬುಡ್ಲಾ? ಸ್ವಂತ ಹಾಡೇ ಹಾಡ್ಬೋದು."

ಸ್ವಂತ ಹಾಡೇ ಹಾಡಬಹುದು ಎಂದದ್ದೇ ತಡ, ಹಾಕಿ ಎಂದುಬಿಟ್ಟೆ. ಮಗಳಿಗೆ ಮಾತ್ರ ಅವಮಾನವಾಯಿತು. "ಇತರೆ ಅಂತೆ! ಅಮ್ಮ, ಅದು ಯಾವುದಕ್ಕೂ ಸೇರದೆ ಇರೋದನ್ನ ತುಂಬೋ ಮೂಟೆ ಕಣಮ್ಮ," ಎಂದು ಮೂತಿ ಉದ್ದ ಮಾಡಿದಳು. ಅತ್ತೆ ಕೂತಲ್ಲಿಂದಲೇ, "ಮಿಕ್ಕಿದ್ದು ಅಂತ ತಾನೆ? ಹಿತಕಿದ ಬೇಳೆ ಸಾರು ಮಿಕ್ಕಿ ಮಾರನೇ ದಿನಕ್ಕೆ ಕುದಿಸಿದ್ರೇನೇ ರುಚಿ. ಸುಮ್ಕಿರು," ಎಂದರು. ಆವತ್ತು ರಾತ್ರಿ ನಾನು ಈ ಮಾತಿಗೂ ಒಂದು ಬೆರಳು ಮಡಿಸಿದೆ.

ಭಾನುವಾರದವರೆಗೆ ಅಭ್ಯಾಸ ಜೋರಾಗಿ ನಡೆಯಿತು. ಅಭ್ಯಾಸವೆಂದರೆ ಕುಕ್ಕರ್ ಇಡಬೇಕು, ಕುಕ್ಕರ್ ಇಟ್ಟ ಮೇಲೆ ಅನ್ನವಾಗುತ್ತದೆ. ಬೆಳಗ್ಗೆ ಒಂದು ಅಭ್ಯಾಸ, ಮಧ್ಯಾಹ್ನ ಒಂದು, ಸಂಜೆ ಒಂದು. ರಾಗಿ ಮುದ್ದೆಯ ಮನೆಯಲ್ಲಿ ಅನ್ನವೇ ಅನ್ನ. ಬೆಳಗ್ಗೆ ಚಿತ್ರಾನ್ನ, ಡಬ್ಬಿಗೆ ಪುಳಿಯೋಗರೆ, ರಾತ್ರಿ ಮೊಸರನ್ನ. ಹಸುವಿಗೆ ಮಿಕ್ಕಿದ್ದು ಹಾಕಲು ಹೋದರೆ ಅದೂ ಮುಖ ತಿರುಗಿಸಿತು. "ಇನ್ನೂ ಎಷ್ಟು ಪ್ರಾಕ್ಟೀಸ್ ಐತೆ?" ಎಂದು ಯಜಮಾನರು ಡಬ್ಬಿ ಮುಚ್ಚಳ ತೆಗೆದು ನೋಡಿ ಮೆಲ್ಲಗೆ ಕೇಳಿದರು. ಅವರ ಕಾರ್ಖಾನೆಯ ಗೆಳೆಯರು ಮಾತ್ರ ನನ್ನ ಪುಳಿಯೋಗರೆ ತಿಂದು ನನಗೇ ಬಹುಮಾನ ಬರಲಿ ಎಂದು ಹರಸಿದರಂತೆ. ನನ್ನ ಕಡೆಯಿಂದ ಎಲ್ಲ ಸಿದ್ಧವಾಗಿತ್ತು. ಪ್ರತಿ ಸಲವೂ ಹಾಡು ಸರಿಯಾಗಿ ಶುರುವಾಗಿ ಸರಿಯಾಗಿ ನಿಲ್ಲುತ್ತಿತ್ತು. ಅನುಮಾನ ಪಡುವುದಕ್ಕೆ ಕಾರಣವೇ ಇರಲಿಲ್ಲ.

ಭಾನುವಾರ ಮನೆಯವರೆಲ್ಲ ಹೊರಟೆವು. ಅತ್ತೆ ಮದುವೆಗೆ ಉಡುವ ಸೀರೆ ಉಟ್ಟು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತರು. ತೀರ್ಪುಗಾರರು ಒಬ್ಬ ನಿವೃತ್ತ ಸಂಗೀತ ಮೇಷ್ಟ್ರು, ಹೆಗಲ ಮೇಲೆ ಶಾಲು. ಅವರ ಪಕ್ಕದಲ್ಲಿ ಗಂಟೆ ಹಿಡಿದು ವಿಶಾಲಾಕ್ಷಮ್ಮ. ಭಕ್ತಿಗೀತೆಯವರು ಕಣ್ಣು ಮುಚ್ಚಿ ಹಾಡಿದರು, ಭಾವಗೀತೆಯವರು ಕೈ ಆಡಿಸಿ ಹಾಡಿದರು, ಜನಪದದವರು ಸೊಂಟಕ್ಕೆ ಸೆರಗು ಬಿಗಿದು ಬಿದಿರಿನ ಮಂಕರಿ ಹಿಡಿದು ಹಾಡಿದರು. ಎಲ್ಲರಿಗೂ ತಮ್ಮ ತಮ್ಮ ವಿಭಾಗ ಗೊತ್ತಿತ್ತು, ನೋಡಿ ಹೊಟ್ಟೆಕಿಚ್ಚಾಯಿತು. ಕೊನೆಗೆ ಇತರೆ ಬಂತು. ಆ ವಿಭಾಗದಲ್ಲಿ ಇದ್ದವರು ಇಬ್ಬರು. ಒಬ್ಬಾಕೆ ಕೋಗಿಲೆ, ನವಿಲು, ಟ್ರ್ಯಾಕ್ಟರು ಎಲ್ಲವನ್ನೂ ಬಾಯಲ್ಲಿ ಕೂಗಿ ಇಳಿದಳು. ಆಮೇಲೆ ನಾನು.

ಸಪ್ಪಲಮ್ಮನನ್ನು ನೆನೆದು ಶುರು ಮಾಡಿದೆ. ಮೈಕಿನಲ್ಲಿ ನನ್ನ ದನಿ ಎದುರು ಗೋಡೆಗೆ ಬಡಿದು ವಾಪಸು ಬಂದಾಗ, ಇದು ಯಾರೋ ದೊಡ್ಡ ಮನುಷ್ಯರದು ಎನ್ನಿಸಿತು. ಮಗ್ಗದ ತಾಳ ಇಲ್ಲದೆ ಮೊದಲ ಪದದಲ್ಲೇ ಒಂದು ಸ್ವರ ಎಳೆಯುತ್ತಾ ಕಾದೆ, ಅಷ್ಟರಲ್ಲಿ ಮೂರನೇ ಸಾಲಿನ ಹೆಂಗಸರು ಕುರ್ಚಿಯ ಕೈ ತಟ್ಟತೊಡಗಿದರು. ಎಲ್ಲರೂ ನಮ್ಮ ಬೀದಿಯವರೇ, ಮಗ್ಗದ ಮನೆಯವರು. ಆ ತಾಳ ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ. ಉಪ್ಪಿನ ಪದಕ್ಕೆ ನಕ್ಕರು, ಬಾಲೆಯ ಪದಕ್ಕೆ ತಮ್ಮ ತಮ್ಮ ಮಕ್ಕಳ ಕಡೆ ನೋಡಿ ನಕ್ಕರು.

ಬಸ್ಸು ಬಿಡಿಸವ್ವ ಬಾಶೆಟ್ಟಿಹಳ್ಳಿಂದ
ಹಸಿದು ಬರ್ತಾರೆ ಮನೆಯೋರು, ಅವರಿಗೆ
ಬಿಸಿಮುದ್ದೆ ಇಲ್ಲಿ ಕಾದೈತೆ

ಎಂದಾಗ ಇಡೀ ಸಾಲು ಕೊನೆಯ ಮಾತನ್ನು ಎತ್ತಿಕೊಂಡು ಹೇಳಿತು. ಯಜಮಾನರು ಬಾಗಿಲ ಹತ್ತಿರ ನಿಂತಿದ್ದವರು ಮೇಲೆ ಫ್ಯಾನು ನೋಡತೊಡಗಿದರು. ನನಗೆ ಬಂದ ಸಂತೋಷಕ್ಕೆ ಇಡೀ ಭವನವೇ ನಮ್ಮ ಅಡುಗೆಮನೆಯಾಗಿ, ನೆರೆದವರೆಲ್ಲ ನನ್ನ ಜೊತೆ ಅಕ್ಕಿ ತೊಳೆದವರ ಹಾಗೆ ಕಂಡರು.

ನನಗೆ ಬರುತ್ತಿದ್ದ ಪದಗಳೆಲ್ಲ ಮುಗಿದವು. ಕೂಗು ಬರಲಿಲ್ಲ. ಆಗ ಗೊತ್ತಾಯಿತು. ಈ ಹಾಡಿಗೆ ನಾನು ಯಾವತ್ತೂ ಕೊನೆ ಕಟ್ಟಿಯೇ ಇರಲಿಲ್ಲ. ಅದನ್ನು ಮುಗಿಸುತ್ತಿದ್ದುದು ಕುಕ್ಕರ್. ಕುಕ್ಕರ್ ಮನೆಯಲ್ಲಿತ್ತು. ಬಾಯಿ ಮಾತ್ರ ಅಭ್ಯಾಸಬಲದಿಂದ ಮುಂದಿನ ಪದ ಹುಡುಕಿಕೊಂಡು ಹೋಗುತ್ತಿತ್ತು. ಕಣ್ಣಿಗೆ ಕಂಡದ್ದನ್ನು ಹಾಡಿದೆ.

ನೀರಿನ ಕ್ಯಾನವ್ವ ಮೂಲೇಲಿ ಕುಂತೈತೆ
ಯಾರೂ ಕುಡಿದಿಲ್ಲ ಲೋಟಿಲ್ಲ, ಅಧ್ಯಕ್ಷರ
ಸೀರೆ ಮಾತ್ರ ಬಲು ಚೆಂದ.

ಸಭೆ ಚಪ್ಪಾಳೆ ತಟ್ಟಿ ಎದ್ದು ನಿಲ್ಲುವುದೊಂದು ಬಾಕಿ. ವಿಶಾಲಾಕ್ಷಮ್ಮ ಒಂದು ಕೈಯಲ್ಲಿ ಸೆರಗು ಸರಿಮಾಡಿಕೊಂಡು, ಇನ್ನೊಂದು ಕೈಯಲ್ಲಿ ಸಮಯ ಆಯಿತು ಎಂದು ಗಂಟೆ ಬಾರಿಸಿದರು. ಇಲ್ಲಿ ನಾನು ಮಾಡಿದ್ದನ್ನು ನೆನೆದರೆ ಈಗಲೂ ಒಬ್ಬಳೇ ನಗುತ್ತೇನೆ. ಹುಟ್ಟಿದಾಗಿನಿಂದ ಗಂಟೆ ಕೇಳಿದರೆ ನನಗೆ ಒಂದೇ ಅರ್ಥ, ಮಂಗಳಾರತಿ. ನಿಲ್ಲಿಸು ಎಂದು ಬಾರಿಸುವ ಗಂಟೆಯೂ ಇರುತ್ತದೆಂದು ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಕೈ ತಾನಾಗಿ ಮುಗಿದುಕೊಂಡಿತು, ದನಿ ಏರಿತು.

ಗಂಟೆ ಬಾರಿಸ್ಯಾರೆ ಏಳವ್ವ ಸಪ್ಪಲಮ್ಮ
ತುಂಟ ಮಕ್ಕಳ ಕೈಯಾಗೆ ಕರಪೂರ
ಉಂಟು, ಆರತಿಯ ತಕ್ಕೊಳ್ಳೆ.

ನಾಲ್ಕಾರು ಹೆಂಗಸರು ಭಕ್ತಿಯಿಂದ ಎದ್ದು ನಿಂತರು. ವಿಶಾಲಾಕ್ಷಮ್ಮ ಇನ್ನೂ ಜೋರಾಗಿ ಬಾರಿಸಿದರು, ನಾನು ಇನ್ನೂ ಜೋರಾಗಿ ಆರತಿ ಬೆಳಗಿದೆ. ಮತ್ತೂ ಬಾರಿಸಿದರು, ಮತ್ತೂ ಬೆಳಗಿದೆ. ಮೇಷ್ಟ್ರು ಶಾಲು ತೆಗೆದು ಮುಖ ಒರೆಸಿಕೊಳ್ಳುತ್ತಿದ್ದರು. ಮಗಳು ಎರಡೂ ಕೈಯಲ್ಲಿ 'ಸಾಕು, ಸಾಕು' ಎನ್ನುತ್ತಿದ್ದಳು. ಅಷ್ಟು ಚೆನ್ನಾಗಿ ಸಾಗಿದ ಹಾಡು ಈಗ ಯಾರಾದರೂ ಬಂದು ಕೈಹಿಡಿದು ಇಳಿಸುವುದರಲ್ಲಿ ಮುಗಿಯುತ್ತದೆ, ನಾಳೆ ಬೀದಿಯಲ್ಲಿ ತಲೆ ಎತ್ತುವ ಹಾಗಿಲ್ಲ ಎಂದು ನನಗೂ ಗೊತ್ತಾಗುತ್ತಿತ್ತು. ಗೊತ್ತಾಗಿ ಏನು ಮಾಡುವುದು? ಇಳಿಜಾರಿನಲ್ಲಿ ಬ್ರೇಕಿಲ್ಲದ ಸೈಕಲ್ ಹತ್ತಿದವಳ ಹಾಗೆ, ತಾಯೀ, ನೀನೇ ನಿಲ್ಲಿಸು ಎಂದುಕೊಂಡು ಮುಂದಿನ ಪದಕ್ಕೆ ಬಾಯಿ ತೆರೆದೆ.

ಆಗ ಮುಂದಿನ ಸಾಲಿನಿಂದ ಒಂದು ಕೂಗು ಬಂತು. ಸುಂಯ್ಯ್ ಎಂದು ಸಣ್ಣಗೆ ಎದ್ದು, ಹಬೆ ತುಂಬಿಕೊಂಡ ಹಾಗೆ ದಪ್ಪವಾಗಿ, ಉಸ್ಸೆಂದು ಇಳಿದ ಕೂಗು. ಅತ್ತೆ! ಮದುವೆಯ ಸೀರೆ ಉಟ್ಟು, ಬಾಯಿಗೆ ಎರಡು ಬೆರಳಿಟ್ಟು ಕೂತಿದ್ದರು. ಒಂದು. ನನ್ನ ದನಿ ತಾನಾಗಿ ತಗ್ಗಿತು. ಎರಡು. ಪದ ಮಟ್ಟಸವಾಗಿ ಕೆಳಗಿಳಿಯಿತು. ಮೂರನೆಯದು ಬಂದದ್ದೇ ಹಾಡು ತಟಕ್ಕನೆ ನಿಂತಿತು. ನನ್ನ ಬಲಗೈ ಮುಂದೆ ಹೋಗಿ, ಅಷ್ಟು ಜನರ ಎದುರಿಗೆ, ಗಾಳಿಯಲ್ಲಿ ಒಲೆಯ ತಿರುಪನ್ನು ತಿರುಗಿಸಿ ಆರಿಸಿತು.

ಭವನದಲ್ಲಿ ಎದ್ದ ನಗು ಮತ್ತು ಚಪ್ಪಾಳೆಯ ನಡುವೆ ಮೇಷ್ಟ್ರು ಮೈಕು ತೆಗೆದುಕೊಂಡರು. "ತಾಯಿ, ಇಷ್ಟು ವರ್ಷ ಸಂಗೀತ ಹೇಳಿಕೊಟ್ಟಿದ್ದೀನಿ. ಇದು ಯಾವ ಪ್ರಕಾರ ಅಂತ ನನಗೆ ತಿಳಿಯಲಿಲ್ಲ. ನೀವೇ ಹೇಳಿ, ಇದನ್ನು ಏನಂತ ಕರೀತೀರಿ?"

"ಏನೂ ಕರೆಯಲ್ಲ ಸಾರ್," ಎಂದೆ. "ಅನ್ನ ಬೇಯೋವರೆಗೂ ಹಾಡ್ತೀನಿ, ಅಷ್ಟೇ."

"ಹಾಗಾದರೆ ಚೆನ್ನಾಗಿ ಬೆಂದಿದೆ," ಎಂದರು ಮೇಷ್ಟ್ರು. ನನ್ನ ಎದೆ ಸಮುದಾಯ ಭವನದಷ್ಟು ಅಗಲವಾಯಿತು.

ಆಮೇಲೆ ಬಹುಮಾನ ಘೋಷಣೆ. ಇತರೆ ವಿಭಾಗದಲ್ಲಿ ದ್ವಿತೀಯ, ಶ್ರೀಮತಿ ಜಯಮ್ಮ. ಟ್ರ್ಯಾಕ್ಟರು ಕೂಗಿದ ಆ ಹೆಣ್ಣುಮಗಳಿಗೆ ಪ್ರಥಮ ಬಂದಿರಬೇಕು, ಬರಲಿ, ನವಿಲು ನಿಜಕ್ಕೂ ಚೆನ್ನಾಗಿತ್ತು ಎಂದುಕೊಳ್ಳುತ್ತಾ ಮೆಟ್ಟಿಲು ಹತ್ತಿದೆ. ಅವಳಿಗೆ ತೃತೀಯ ಕರೆದರು. ನನಗೆ ಲೆಕ್ಕ ಸಿಗಲಿಲ್ಲ. ಇದ್ದವರು ಇಬ್ಬರೇ ಅಲ್ಲವೇ? ವಿಶಾಲಾಕ್ಷಮ್ಮ ಮೈಕಿನಲ್ಲಿ ನಗು ತಡೆದುಕೊಂಡು ಓದಿದರು: "ಇತರೆ ವಿಭಾಗ, ಪ್ರಥಮ ಬಹುಮಾನ, ತೀರ್ಪುಗಾರರ ವಿಶೇಷ ಒಪ್ಪಿಗೆಯಿಂದ, ಕುಕ್ಕರ್ ಕೂಗಿನ ಮಿಮಿಕ್ರಿಗಾಗಿ, ಶ್ರೀಮತಿ ಪುಟ್ಟತಾಯಮ್ಮ!"

ಹೆಸರೇ ಕೊಡದ ನಮ್ಮತ್ತೆ, ಕರೆಯುವುದನ್ನೇ ಕಾಯುತ್ತಿದ್ದವರ ಹಾಗೆ ಎದ್ದು, ಮಗನ ಕೈ ಹಿಡಿದು ವೇದಿಕೆ ಹತ್ತಿ, ಮೇಷ್ಟ್ರ ಶಾಲನ್ನೇ ಹೊದಿಸಿಕೊಂಡರು. ಎರಡು ಮಾತಾಡಿ ಎಂದು ಮೈಕು ಕೊಟ್ಟರೆ, ನಾನು ಅಷ್ಟು ಆಸೆಪಟ್ಟ ಆ ಮೈಕಿನಲ್ಲಿ, ಒಂದು ಚೂರೂ ನಡುಗದೆ ಹೇಳಿದರು: "ಹಾಡೋದು ಯಾರು ಬೇಕಾದ್ರೂ ಹಾಡ್ತಾರೆ ಕಣ್ರವ್ವ. ನಿಲ್ಸೋದೈತಲ್ಲ, ಅದೇ ವಿದ್ಯೆ."

ಅಂದಿನಿಂದ ನಮ್ಮ ಬೀದಿಯಲ್ಲಿ ನನ್ನನ್ನು ಕಂಡವರು ಕೇಳುವುದು ಒಂದೇ, "ನಿಮ್ಮತ್ತೆ ಚೆನ್ನಾಗವ್ರಾ?" ಎಂದು. ಸಂಜೆಯ ಹೊತ್ತು ಜಗಲಿಯ ಮೇಲೆ ಮಕ್ಕಳು ಸುತ್ತ ಕೂತು ಒಂದು ಸಲ ಕೂಗಜ್ಜಿ ಎಂದು ಗೋಗರೆಯುತ್ತಾರೆ. ಅತ್ತೆಗೆ ಹೊಲದ ದಿನಗಳು ಮರಳಿ ಬಂದಿವೆ, ಊಟ ಒಂದು ತುತ್ತು ಹೆಚ್ಚು ಸೇರುತ್ತಿದೆ. ಅದಕ್ಕೆ ಬೆರಳು ಮಡಿಸುವುದೋ, ಇಡೀ ಕೈ ಮಡಿಸುವುದೋ ನನಗೇ ತಿಳಿಯುತ್ತಿಲ್ಲ. ತೊಂದರೆ ಒಂದೇ. ಅವರು ಜಗಲಿಯಲ್ಲಿ ಮೂರು ಸಲ ಕೂಗಿದರೆ ನಾನು ಒಳಗೆ ಹಾಡು ನಿಲ್ಲಿಸಿ ಒಲೆ ಆರಿಸಿಬಿಡುತ್ತೇನೆ. ಈ ವಾರ ಎರಡು ದಿನ ಅಕ್ಕಿ ಹಾಗೇ ಇತ್ತು. ಯಜಮಾನರು ಅನ್ನವನ್ನು ಕಡಿದು ನೋಡಿ, "ಇದು ಯಾವ ವಿಭಾಗ?" ಎಂದು ಕೇಳಿದರು.

ಆದರೆ ಭಾನುವಾರದ ಮಾತು ಮುಗಿಸಿಬಿಡುತ್ತೇನೆ. ಮನೆಗೆ ಬಂದು ಬಾಗಿಲು ತೆಗೆದಾಗ ಪಕ್ಕದ ಮನೆಯ ಮಗ್ಗ ಟಕಟಕ ಎನ್ನುತ್ತಿತ್ತು. ಎರಡನೇ ಬಹುಮಾನದ ಸ್ಟೀಲ್ ಬೋಗುಣಿಯನ್ನು ಸಪ್ಪಲಮ್ಮನ ಪಟದ ಮುಂದಿಟ್ಟು ಕೈಮುಗಿದೆ. ತೆಗೆಯಲು ಮನಸ್ಸಾಗದೆ ಬಿಟ್ಟಿದ್ದ ಸೇವಂತಿಗೆ ಬಾಡಿ ಇನ್ನೂ ಊದಿನಕಡ್ಡಿಯ ಬುಡದಲ್ಲೇ ಇತ್ತು, ಬಲಕ್ಕೂ ಇಲ್ಲ, ಎಡಕ್ಕೂ ಇಲ್ಲ. ಎರಡೂ ಅಲ್ಲ ಎಂದು ಮೊದಲೇ ಹೇಳಿದ್ದಳು ತಾಯಿ, ಅರ್ಥ ಹಿಡಿದುಕೊಳ್ಳುವಷ್ಟು ಬುದ್ಧಿ ನನಗಿರಲಿಲ್ಲ. ಅತ್ತೆ ಶಾಲು ಹೊದ್ದುಕೊಂಡೇ ಹಜಾರದಲ್ಲಿ ಕೂತು, "ಅವರೆ ನೆನೆದು ಬಾಯಿ ಬಿಡ್ತಾ ಐತೆ, ಬಾರೇ," ಎಂದು ಕೂಗಿದರು. ಪಟದ ಮುಂದಿನ ಹೊಸ ಬೋಗುಣಿಯನ್ನೇ ತೆಗೆದುಕೊಂಡು ಹೋಗಿ, ಸೆರಗು ಸಿಕ್ಕಿಸಿ, ಹಿತಕಲು ಕೂತೆ. ಮೊದಲ ಬೇಳೆ ಪುಳಕ್ಕನೆ ಹಾರಿ ಫ್ರಿಜ್ಜಿನ ಕೆಳಗೆ ಹೋಯಿತು.